ಮಡುವಿನಮ್ಮನ ಮೋಟಾರು

ಗುಂಡಯ್ಯನಿಗೆ ಈ ಲೋಕದಲ್ಲಿ ಒಪ್ಪಿಗೆಯಾಗುವ ವಸ್ತು ಯಾವುದಾದರೂ ಇದ್ದರೆ ಅದು ಅವನ ಸ್ವಂತ ಅಭಿಪ್ರಾಯ ಒಂದೇ. ಮಿಕ್ಕಿದ್ದಕ್ಕೆಲ್ಲ ಮೂಗು ಮುರಿದುಕೊಂಡೇ ಅವನು ಅರವತ್ತು ದಾಟಿದ. ಮದುವೆ ಮನೆಗೆ ಹೋದರೆ ಸಾರಿಗೆ ಉಪ್ಪಿಲ್ಲ ಅನ್ನುತ್ತಿದ್ದ, ಸಾವಿನ ಮನೆಗೆ ಹೋದರೆ ಅಳುವವರಿಗೆ ಸರಿಯಾಗಿ ಅಳುವುದಕ್ಕೂ ಬರುವುದಿಲ್ಲ ಅನ್ನುತ್ತಿದ್ದ. ಇಂಥವನನ್ನು ಊರು ಸಹಿಸಿಕೊಂಡಿದ್ದಕ್ಕೆ ಕಾರಣವಿತ್ತು. ಅವನು ಮಡುವಿನಮ್ಮನ ಪೂಜಾರಿ. ದೇವಿಯ ಹತ್ತಿರ ಹೋಗಬೇಕಾದರೆ ಇವನ ಬಾಯಿ ದಾಟಿಕೊಂಡೇ ಹೋಗಬೇಕಿತ್ತು.

ಊರು ಹೊಸಮಾರನಹಳ್ಳಿ. ಅರಕಲಗೂಡಿನ ಕಡೆಗೆ ಹೇಮಾವತಿಯ ಹಿನ್ನೀರು ತೋಳು ಚಾಚಿಕೊಂಡಿರುವ ದಂಡೆಯ ಮೇಲಿದೆ. ಹಳೇ ಮಾರನಹಳ್ಳಿ ಅಣೆಕಟ್ಟು ಕಟ್ಟಿದ ಕಾಲದಲ್ಲಿ ತೆಂಗಿನ ತೋಟ, ಅರಳಿಕಟ್ಟೆ, ರಾಗಿ ತುಂಬಿಡುವ ಹಗೇವು ಎಲ್ಲದರ ಸಮೇತ ನೀರಿನಡಿಗೆ ಹೋಯಿತು. ಗುಂಡಯ್ಯನ ಅಪ್ಪ ದೇವಿಯ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ದಿಬ್ಬಕ್ಕೆ ತಂದ. "ಊರು ಮುಳುಗ್ತು, ಊರೋರ್ ಬುದ್ಧಿ ಮಾತ್ರ ಬೆಂಡಿನಂಗೆ ತೇಲ್ಕಂಡು ಬಂತು" ಎಂದು ಗುಂಡಯ್ಯ ಆಗಾಗ ಹೇಳುತ್ತಿದ್ದ. ಆ ಬುದ್ಧಿಯೇ ತನಗೆ ಅನ್ನ ಹಾಕುತ್ತಿದೆ ಎಂಬುದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದನೋ, ಗೊತ್ತಿಲ್ಲ.

ಮಂಗಳವಾರ ಬಂತೆಂದರೆ ಗುಡಿಯ ಮುಂದೆ ಹೂ ಕೇಳುವವರ ಸಾಲು. ದೇವಿಯ ಎರಡು ಭುಜಕ್ಕೂ ತೆಳ್ಳಗೆ ಕಲಸಿದ ಅರಿಶಿನ ಹಚ್ಚಿ, ಒಂದೊಂದು ಕಣಗಿಲೆ ಹೂ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಗಟ್ಟಿಯಾಗಿ ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಹೆಣ್ಣು ತರುವುದಕ್ಕೆ, ಬೋರ್ ಕೊರೆಸುವುದಕ್ಕೆ, ಎಮ್ಮೆ ಮಾರುವುದಕ್ಕೆ ಕೇಳುತ್ತಿದ್ದರು. ಒಬ್ಬ ಪುಣ್ಯಾತ್ಮ ಯಾವ ಕಂಪನಿಯ ಫೋನು ತೆಗೆದುಕೊಳ್ಳಲಿ ಎಂದು ಕೇಳಲು ಬಂದಿದ್ದ.

"ಅಮ್ಮ ನಿಂಗೆ ತಲೆ ಯಾಕ್ಲಾ ಕೊಟ್ಟವ್ಳೆ, ಬರೀ ಮುಡಿ ಕೊಡಕ್ಕಾ?" ಎಂದು ಗುಂಡಯ್ಯ ಅವನನ್ನು ಎಲ್ಲರೆದುರು ಬೈದ. ಬೈದೂ ಹೂ ಅಂಟಿಸಿದ.

ಅವನ ತಿರಸ್ಕಾರದ ದೊಡ್ಡ ಪಾಲು ಮೀಸಲಾಗಿದ್ದುದು ಮೈಮೇಲೆ ದೇವರು ಬರಿಸಿಕೊಳ್ಳುವವರಿಗೆ. ಅವರಲ್ಲಿ ಮೊದಲನೆಯವನು ಹೆಂಡತಿಯ ತಮ್ಮ, ಹೊಳೆನರಸೀಪುರದ ರುದ್ರಯ್ಯ. ಬಾಡೂಟದಲ್ಲಿ ಒಳ್ಳೆಯ ತುಂಡು ಬೇರೆಯವರ ಎಲೆಗೆ ಬಿತ್ತೆಂದರೆ ರುದ್ರಯ್ಯನಿಗೆ ಮೈ ನಡುಗುತ್ತಿತ್ತು. "ದಿನಾ ತೊಳೆದು ಸೀರೆ ಉಡ್ಸೋನು ನಾನು. ನನ್ ಮೈಮೇಲೆ ಒಂದಿನ ಬರ್ನಿಲ್ಲ. ಬಸ್ ಹತ್ಕಂಡು ನರ್ಸೀಪುರಕ್ಕೋಗಿ ಅವನ್ ಮೈಮೇಲೆ ಬತ್ತಾಳಾ?" ಎಂದು ಗುಂಡಯ್ಯ ಕೇಳಿದರೆ ಹೆಂಡತಿ ಪುಟ್ಟಲಕ್ಷ್ಮಮ್ಮ ಎರಡು ದಿನ ಮಾತು ಬಿಡುತ್ತಿದ್ದಳು.

ಮಗಳು ಭಾಗ್ಯಲಕ್ಷ್ಮಿಯನ್ನು ಮಾತ್ರ ಅವನು ಹಗುರವಾಗಿ ಬೈಯುತ್ತಿದ್ದ. ಅದನ್ನು ಪ್ರೀತಿ ಎಂದೇ ತಿಳಿಯಬೇಕು. ಅವಳನ್ನು ಊರೊಳಗೇ ಕೊಟ್ಟಿದ್ದ. ಹಿನ್ನೀರಿನ ಆಚೆ ದಡದ ಗುಡ್ಡದಕೊಪ್ಪಲಿನಲ್ಲಿ ಅವಳು ಅಂಗನವಾಡಿ ಟೀಚರು. ರಸ್ತೆಯಲ್ಲಿ ಹೋಗಬೇಕಾದರೆ ಅಣೆಕಟ್ಟನ್ನೇ ಸುತ್ತಿ ಬಳಸಿ ಬಸ್ಸು ಬದಲಾಯಿಸಬೇಕು. ಅದಕ್ಕೆ ದಿನಾ ತೆಪ್ಪದಲ್ಲಿ, ತೊಡೆಯ ಮೇಲೆ ಮಕ್ಕಳ ಮೊಟ್ಟೆಯ ಟ್ರೇ ಇಟ್ಟುಕೊಂಡು ದಾಟುತ್ತಿದ್ದಳು. ಅವಳು ಆಚೆ ದಡದಲ್ಲಿ ಇಳಿಯುವ ತನಕ ಗುಂಡಯ್ಯ ಗುಡಿಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಗಾಳಿಗೆ ಕೂತಿದ್ದೀನಿ ಅನ್ನುತ್ತಿದ್ದ.

ಹೀಗಿರುವಾಗ ಊರಿನ ಮೀನುಗಾರರ ಸಂಘಕ್ಕೆ ಯಾವುದೋ ಯೋಜನೆಯಲ್ಲಿ ಒಂದು ಫೈಬರ್ ದೋಣಿ ಬಂತು. ದೋಣಿ ಬಂತು, ಮೋಟಾರು ಬರಲಿಲ್ಲ. ನಿಮ್ಮ ನೀರಿಗೆ ಯಾವುದು ಒಗ್ಗುತ್ತದೋ ಬರೆದು ಕೊಡಿ, ಆಮೇಲೆ ಕಳಿಸುತ್ತೇವೆ ಎಂದರಂತೆ. ಧಾರೆ ಮುಗಿಸಿ ಗಂಡನ್ನು ಆಮೇಲೆ ಕಳಿಸಿಕೊಡುವ ಲೆಕ್ಕ ಇದು. ಊರಿನ ಬಾಣಂತಿಯರು, ಹಾಲಿನ ಕ್ಯಾನು, ಭಾಗ್ಯ, ಅವಳ ಮೊಟ್ಟೆ ಎಲ್ಲ ಇನ್ನು ಈ ದೋಣಿಯಲ್ಲೇ ಎಂದು ತೀರ್ಮಾನವಾಯಿತು. ಮೋಟಾರು ಯಾವುದು ಎಂಬುದೊಂದು ತೀರ್ಮಾನವಾಗಲಿಲ್ಲ.

ಸಂಘದ ಅಧ್ಯಕ್ಷ ಸುನೀಲ್‌ಕುಮಾರ್ ಜೆಟ್ ಬೇಕು ಎಂದ. ಅವನಿಗೆ ಈಜು ಬರುತ್ತಿರಲಿಲ್ಲ, ದೋಣಿಯ ಮುಖ ಯಾವ ಕಡೆ ಎಂಬುದೂ ಖಚಿತವಿರಲಿಲ್ಲ. ಆದರೆ ಫೋನಿನಲ್ಲಿ ವಿಡಿಯೊ ನೋಡಿದ್ದ. "ಜೆಟ್ಟಿಗೆ ಕೆಳಗೆ ಏನೂ ಇರಲ್ಲ ಕಣ್ರಪ್ಪ. ಒಟ್ಟೆವಳಗೇ ನೀರು ಈರ್ಕಂಡು ಇಂದಕ್ಕೆ ಉಗೀತದೆ. ಮೊಣಕಾಲುದ್ದ ನೀರಿದ್ರೂ ಓಯ್ತದೆ" ಎಂದು ಗಾಳಿಯಲ್ಲಿ ಕೈ ಬೀಸಿ ತೋರಿಸಿದ.

"ನೀರು ಈರೋವಾಗ ಜೊಂಡು, ಪಾಚಿ, ಮರಳು ಬ್ಯಾಡ ಅಂತದಾ? ನಮ್ ನೀರಲ್ಲಿ ಇರೋದೇ ಅವು. ನಡ್ ನೀರಲ್ಲಿ ಗಂಟ್ಲು ಕಟ್ಕಂಡು ನಿಂತ್ಕತದೆ" ಎಂದ ದೇವರಾಜು. ಟ್ರ್ಯಾಕ್ಟರ್ ಓಡಿಸುವ ಈತ ದೋಣಿ ಓಡಿಸುವವನೂ ತಾನೇ ಎಂದು ಯಾರೂ ಹೇಳುವ ಮೊದಲೇ ಒಪ್ಪಿಕೊಂಡಿದ್ದ. ಅವನಿಗೆ ಬೇಕಾಗಿದ್ದುದು ಕೆಳಗೆ ಫ್ಯಾನು ತಿರುಗುವ ಮಾಮೂಲಿ ಮೋಟಾರು. "ಕೆಟ್ರೆ ಹಾಸನದಲ್ಲಿ ಸಾಮಾನು ಸಿಗ್ತದೆ" ಎಂಬುದು ಅವನ ವಾದ. ಕೆಡುವುದು ಅವನ ಲೆಕ್ಕದಲ್ಲಿ ಮೊದಲೇ ಸೇರಿಹೋಗಿತ್ತು.

ಇಬ್ಬರೂ ಅರ್ಧ ಸತ್ಯ ಹೇಳುತ್ತಿದ್ದರು. ಅರ್ಧ ಸತ್ಯ ಹೇಳುವವರ ಗಂಟಲು ಯಾವಾಗಲೂ ದೊಡ್ಡದು. ಊರು ಎರಡು ಪಕ್ಷವಾಯಿತು. ಕಟ್ಟಾಯದ ಸಂತೆಯಲ್ಲಿ ಜೆಟ್ಟಿನವರು ಫ್ಯಾನಿನವರ ಹತ್ತಿರ ಕೊತ್ತಂಬರಿ ಸೊಪ್ಪನ್ನೂ ಕೊಳ್ಳಲಿಲ್ಲ.

ದೋಣಿಯಲ್ಲಿ ದಿನಾ ಕೂರುವವಳು ಭಾಗ್ಯ. ಅವಳನ್ನು ಯಾರೂ ಕೇಳಲಿಲ್ಲ. ಒಂದು ದಿನ ಅವಳೇ ಅಪ್ಪನಿಗೆ ಫೋನು ತೋರಿಸಿದಳು. ಅದರಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಕೆಸರಿನಂಥ ನೀರಿನಲ್ಲಿ ದೋಣಿ ಓಡಿಸುತ್ತಿದ್ದಳು. ಎಂಜಿನ್ನು ದೋಣಿಯ ಹಿಂದುಗಡೆ ಮೇಲೆ ಕೂತಿತ್ತು. ಅದರಿಂದ ಉದ್ದನೆಯ ದಂಡವೊಂದು ಓರೆಯಾಗಿ ಹಿಂದಕ್ಕೆ ಚಾಚಿ, ತುದಿಯ ಪುಟ್ಟ ಫ್ಯಾನು ನೀರಿನ ಮೇಲ್ಮೈಯಲ್ಲೇ ತಿರುಗುತ್ತಿತ್ತು. ಮರದ ಬೊಡ್ಡೆ ಅಡ್ಡ ಬಂದಾಗ ಅವಳು ಹಿಡಿಯನ್ನು ಅಮುಕಿದಳು. ದಂಡ ಮೇಲೆದ್ದು ಬೊಡ್ಡೆ ದಾಟಿ ಮತ್ತೆ ನೀರಿಗೆ ಇಳಿಯಿತು.

"ಇದಾದ್ರೆ ನಮ್ ನೀರಿಗೆ ಸರೋಯ್ತದೆ ಕಣಪ್ಪ. ಸದ್ದು ಜಾಸ್ತಿ, ನಿಧಾನ. ಆದ್ರೂ ದಡ ಸೇರುಸ್ತದೆ" ಎಂದಳು.

ಗುಂಡಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನವ್ವ, ಮಜ್ಗೆ ಕಡಿಯೋ ಕಡಗೋಲು! ಒಳೆ ಕಡ್ದು ಬೆಣ್ಣೆ ತಗೀತೀಯಾ?" ಎಂದ. ಅಷ್ಟಕ್ಕೇ ಬಿಡದೆ, ಹೂ ಕೇಳಲು ಬಂದವರಿಗೆಲ್ಲ ಮಗಳ ಕಡಗೋಲಿನ ಕಥೆ ಹೇಳಿ ನಗಿಸಿದ. ಭಾಗ್ಯ ಫೋನು ಸೆರಗಿಗೆ ಸಿಕ್ಕಿಸಿಕೊಂಡು ಹೋದವಳು ಆ ಮಾತು ಮತ್ತೆ ಎತ್ತಲಿಲ್ಲ. ಅವಳಿಗೆ ನೋವಾಗಿತ್ತು. ಅದು ಅಪ್ಪನಿಗೆ ಕಂಡಿತ್ತು, ಕಂಡರೂ ಅವನು ನಗು ನಿಲ್ಲಿಸಲಿಲ್ಲ.

ಜಗಳ ಹರಿಯದೆ ಇದ್ದಾಗ ಹಿರಿಯಳು ಲಕ್ಕಮ್ಮ ಹೇಳಿದಳು: "ಅಮ್ಮನ್ನೇ ಕೇಳ್ಬುಡಿ." ಫ್ಯಾನು ಬೇಕಾ ಎಂದು ಕೇಳುವುದು, ಬಲ ಕೊಟ್ಟರೆ ಫ್ಯಾನು, ಎಡ ಕೊಟ್ಟರೆ ಜೆಟ್ಟು ಎಂದಾಯಿತು. ಮೋಟಾರಿನ ತೀರ್ಪನ್ನು, ಹುಟ್ಟಿದಂದಿನಿಂದ ಒಂದೇ ಕಡೆ ಕೂತಿರುವ ಕಲ್ಲಿಗೆ ಬಿಟ್ಟು ಊರಿಗೆ ಊರೇ ನೆಮ್ಮದಿಯಿಂದ ಮುದ್ದೆ ಉಂಡಿತು.

ನೆಮ್ಮದಿ ಇಲ್ಲದವನು ಗುಂಡಯ್ಯ ಒಬ್ಬನೇ. ಜೆಟ್ಟಿನ ಗಂಟಲಿಗೆ ಜೊಂಡು ಸಿಕ್ಕಿ, ಗಾಳಿಗೆ ದೋಣಿ ತಿರುಗಿ, ಮಗಳು ನಡು ನೀರಿನಲ್ಲಿ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಫ್ಯಾನಾದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಅಲ್ಲದೆ ಸುನೀಲ್‌ಕುಮಾರ್ ಬೇಕು ಎಂದಿದ್ದು ಒಳ್ಳೆಯದಾಗಿರಲು ಸಾಧ್ಯವೇ ಇಲ್ಲ. ನನ್ನ ಮಗಳ ಪ್ರಾಣವನ್ನು ಒಂದು ಒದ್ದೆ ಕಣಗಿಲೆಯ ಮೇಲೆ ಬಿಡಲೇ, ಎಂದುಕೊಂಡ. ಮಂಗಳವಾರ ಎಡಗಡೆಯ ಭುಜಕ್ಕೆ ಗಟ್ಟಿ ಅರಿಶಿನ ಮೆತ್ತಿ, ಹೂವನ್ನು ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿದ. ಬಲಗಡೆಯದನ್ನು ತಾಗಿಸಿದ ಅಷ್ಟೆ. ಅಷ್ಟು ವರ್ಷದ ಪೂಜೆಯಲ್ಲಿ ಅವನು ಮಾಡಿದ ಮೊದಲ ಮೋಸ ಅದು. ಕೇಳಿದ ಮಾತು ಮುಗಿಯುವುದರೊಳಗೆ ಬಲಗಡೆಯ ಹೂ ಉದುರಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಇಲ್ಲಿ ದೇವರಿಗಿಂತ ಮೊದಲೇ ಪೂಜಾರಿ ಕೊಟ್ಟುಬಿಟ್ಟಿದ್ದ.

ಮಳೆಗಾಲದಲ್ಲಿ ಮೋಟಾರು ಬಂತು. ಹಿನ್ನೀರು ತುಂಬಿ ತುಳುಕುತ್ತಿತ್ತು. ದೇವರಾಜು ಕಪ್ಪು ಕನ್ನಡಕ ಹಾಕಿಕೊಂಡು ದೋಣಿಯನ್ನು ಬಾಣದ ಹಾಗೆ ಬಿಟ್ಟ. "ಅಮ್ಮನ ಆಯ್ಕೆ ಅಂದ್ರೆ ಸುಮ್ನೇನಾ" ಎಂದರು ಜನ. ಗುಂಡಯ್ಯ ಜಗಲಿಯ ಮೇಲೆ ಕೂತು ಮೀಸೆಯಲ್ಲೇ ನಕ್ಕ.

ಶಿವರಾತ್ರಿ ಕಳೆದು ನೀರು ಇಳಿಯತೊಡಗಿತು. ಮುಳುಗಿದ ತೋಟದ ತೆಂಗಿನ ಬೊಡ್ಡೆಗಳು ಒಂದೊಂದಾಗಿ ನೀರಿನ ಮಟ್ಟಕ್ಕೆ ಬಂದವು. ಮೊದಲನೆಯ ಬೊಡ್ಡೆಗೆ ಫ್ಯಾನಿನ ಒಂದು ರೆಕ್ಕೆ ಮುರಿಯಿತು. ನೀರು ಕಮ್ಮಿ ಇದ್ದ ಕಡೆ ಮೋಟಾರನ್ನು ಮೇಲಕ್ಕೆ ಮಗುಚಿ ಬಿದಿರ ಗಳ ಊರಿಕೊಂಡು ಹೋಗಬಹುದಿತ್ತು. ದೇವರಾಜುವಿಗೆ ಅದು ಅವಮಾನ. ಹಾಸನದಿಂದ ಹೊಸ ಫ್ಯಾನು ಬಂತು, ಮತ್ತೊಂದು ಬೊಡ್ಡೆಗೆ ಅದೂ ಹೋಯಿತು. ಮುರಿದವನ್ನು ಎಸೆಯಬಹುದಿತ್ತು. ಅಮ್ಮ ಕೊಟ್ಟಿದ್ದನ್ನು ಎಸೆಯುವುದುಂಟೇ ಎಂದು ಲಕ್ಕಮ್ಮ ತಂದು ಗುಡಿಯ ಬಾಗಿಲಿಗೆ ತೂಗಿಹಾಕಿಸಿದಳು. ಒಂದರ ಪಕ್ಕ ಇನ್ನೊಂದು ಬಂತು. ದಿನಾ ಬೆಳಗ್ಗೆ ಗುಂಡಯ್ಯ ಅವಕ್ಕೂ ಕುಂಕುಮ ಇಡಬೇಕಾಯಿತು. ತನ್ನ ಮೋಸಕ್ಕೆ ತಾನೇ ಪೂಜೆ ಮಾಡುವ ಗತಿ ಬಂದಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿಗೆ ಬಿದ್ದ ಹಾಗೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಫ್ಯಾನು ಮುರಿದರೆ ಕಬ್ಬಿಣ ಮುರಿಯಿತು, ಮಗಳಿಗೇನಾಯಿತು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಯುಗಾದಿ ಮುಗಿದ ಮೇಲೆ ಒಂದು ಬೆಳಗ್ಗೆ ಅವನು ಜಗಲಿಯಿಂದ ನೋಡುತ್ತಿದ್ದಂತೆಯೇ ದೋಣಿ ನೀರಿನ ನಡುವೆ ಗಕ್ಕನೆ ನಿಂತಿತು. ಹಿಂಬದಿ ಎದ್ದು ಬಿತ್ತು. ಹಳೇ ಊರಿನ ಅರಳಿಕಟ್ಟೆಯ ಕಲ್ಲಿಗೆ ಫ್ಯಾನು ಹೊಡೆದಿತ್ತು. ಕೂತಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು. ಗುಂಡಯ್ಯ ಪಂಚೆ ಎತ್ತಿಕಟ್ಟದೆಯೇ ಕೆಸರಿಗೆ ಓಡಿದ. ತೆಪ್ಪದವರು ಹೋಗಿ ಎಲ್ಲರನ್ನೂ ಕರೆತಂದರು. ಭಾಗ್ಯಳ ಸೀರೆಯ ತುಂಬ ಮೊಟ್ಟೆಯ ಲೋಳೆ. ಬಲ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು.

"ಮೊಟ್ಟೆ ಎಲ್ಲಾ ಓದ್ವು ಕಣಪ್ಪ" ಎಂದಳು. ಆಮೇಲೆ ಅತ್ತಳು.

ಗುಂಡಯ್ಯನಿಗೆ ತನ್ನ ಹೆಬ್ಬೆರಳೇ ಅವಳ ಕೈ ಮುರಿದಿದೆ ಎನ್ನಿಸಿತು. ಆ ಮಾತು ಸುಳ್ಳೂ ಆಗಿರಲಿಲ್ಲ. ಪಕ್ಕದಲ್ಲಿ ಲಕ್ಕಮ್ಮ ಲೊಚಗುಟ್ಟುತ್ತ, "ಅಮ್ಮನ ಫ್ಯಾನು ಇದ್ದುದ್ಕೆ ಕೈಗೆ ಓಯ್ತು. ಜೆಟ್ಟಾಗಿದ್ರೆ ಪ್ರಾಣಕ್ಕೇ ಓಗದು" ಎಂದಳು. ಸುತ್ತ ನಿಂತವರು ಹೌದೌದು ಎಂದರು. ಇಂಥ ಜನರಿಗೆ ಏನು ಹೇಳುವುದು!

ಅರಕಲಗೂಡಿನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಭಾಗ್ಯ ವಾರದೊಳಗೇ ಕೆಲಸಕ್ಕೆ ಹೊರಡುತ್ತೇನೆ ಎಂದಳು. ಬಿಟ್ಟುಬಿಡು ಎಂದ ಅಪ್ಪ. "ಬುಟ್ರೆ ಆ ಮಕ್ಳಿಗೆ ಮೊಟ್ಟೆ ನಿನ್ ದೇವ್ರು ಬೇಯ್ಸಾಕ್ತಾಳಾ?" ಎಂದು ಅವಳು ಕೇಳಿದಾಗ ಅದು ತನ್ನದೇ ಬಾಯಿ ಎಂದು ಅವನಿಗೆ ಗುರುತು ಸಿಕ್ಕಿತು.

ಅವನು ಸುನೀಲ್‌ಕುಮಾರನ ಮನೆಗೆ ಹೋಗಿ, ಮೋಟಾರು ಬದಲಾಯಿಸೋಣ, ಮಗಳು ತೋರಿಸಿದ ಆ ಉದ್ದ ದಂಡದ್ದು ತರಿಸೋಣ ಎಂದ. ಜೆಟ್ಟಿನ ಪಕ್ಷದವನು ಕುಣಿದು ಒಪ್ಪುತ್ತಾನೆ ಎಂದುಕೊಂಡಿದ್ದ. ಸುನೀಲ್‌ಕುಮಾರ್ ಕಿವಿ ಮುಟ್ಟಿಕೊಂಡ. "ಅಮ್ಮ ಕೊಟ್ಟಿರೋದ್ನ ನಾನ್ಯಾರು ಗುಂಡಣ್ಣ ಬದ್ಲಾಯ್ಸಕ್ಕೆ? ಅವ್ಳನ್ನೇ ಕೇಳು" ಎಂದ. ದೇವರಾಜುವೂ ಅದನ್ನೇ ಅಂದ. ಫ್ಯಾನು ಜೆಟ್ಟು ಎಂದು ಕಚ್ಚಾಡುತ್ತಿದ್ದವರು ಯೋಚನೆ ಮಾಡಬಾರದು ಎಂಬ ವಿಷಯದಲ್ಲಿ ಒಂದಾಗಿದ್ದರು.

ಮಂಗಳವಾರ ಗುಡಿಯ ಮುಂದೆ ಊರೆಲ್ಲ ಸೇರಿತು. ಗುಂಡಯ್ಯ ಅರಿಶಿನ ಕಲಸುತ್ತಿದ್ದ. ಈ ಸಲವೂ ಎಡಗಡೆಗೆ ಗಟ್ಟಿಯಾಗಿ ಮೆತ್ತುವುದು, ಒಳ್ಳೆಯದಕ್ಕೆ ಮಾಡಿದರೆ ಮೋಸವಲ್ಲ, ಎಂದು ಲೆಕ್ಕ ಹಾಕಿಕೊಂಡೇ ಕೂತಿದ್ದ. ಅಷ್ಟರಲ್ಲಿ ಭಾಗ್ಯ ಕೊರಳಿಗೆ ಕೈ ತೂಗುಹಾಕಿಕೊಂಡು ಹತ್ತಿರ ಬಂದು ಬಗ್ಗಿದಳು. ಆ ಬಟ್ಟಲನ್ನು ಚಿಕ್ಕಂದಿನಿಂದ ಬೆಳಗಿದವಳು ಅವಳು.

"ಈ ಸಲ ವಸಿ ತೆಳ್ಳಗೆ ಕಲ್ಸಪ್ಪ" ಎಂದಳು, ಅವನಿಗಷ್ಟೇ ಕೇಳುವಂತೆ.

ಗುಂಡಯ್ಯನ ಕೈ ನಿಂತಿತು. ಹೋದ ಸಲ ಬಟ್ಟಲಿನ ತಳದ ಗಟ್ಟಿ ಅರಿಶಿನ ಉಜ್ಜಿದವಳು ಇವಳೇ, ಇವಳಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಆ ದೋಣಿಯಲ್ಲಿ ದಿನಾ ಕೂತಳು, ಅಪ್ಪನ ಮಾನ ಊರ ಮುಂದೆ ತೆಗೆಯಲಿಲ್ಲ. ಅವನು ಬಟ್ಟಲಿಗೆ ನೀರು ಹಾಕಿದ. ಎರಡು ಭುಜಕ್ಕೂ ಒಂದೇ ಸಮ ಹಚ್ಚಿ, ಎರಡು ಹೂವನ್ನೂ ಒಂದೇ ಹದಕ್ಕೆ ತಾಗಿಸಿ, "ಉದ್ದ ದಂಡದ್ದು ಬೇಕಾದ್ರೆ ಬಲ ಕೊಡವ್ವ" ಎಂದ. ಅವನು ನಿಜವಾಗಿ ಬೇಡಿಕೊಂಡದ್ದು ಅದೇ ಮೊದಲು.

ಎಡಗಡೆಯ ಹೂ ಬಿತ್ತು.

ಜನ ಎದ್ದು ಸೆರಗು, ಟವಲು ಕೊಡವಿಕೊಂಡರು. ದೇವರಾಜು, "ಆಯ್ತಲ್ಲ, ಹೊಸ ಫ್ಯಾನು ನಾಳೆ ಬತ್ತದೆ" ಎಂದ. ಗುಂಡಯ್ಯ ಒಳಗಿನಿಂದ ಹಾರಿ ಬಂದು ಬಾಗಿಲಿಗೆ ಅಡ್ಡ ನಿಂತ. ಜುಟ್ಟು ಬಿಚ್ಚಿಹೋಗಿತ್ತು, ಮೈ ಗಡಗಡ ನಡುಗುತ್ತಿತ್ತು.

"ಕೂತ್ಕಳ್ರಲಾ! ಅವ್ಳು ಎಡ ಕೊಟ್ರೆ ಕೊಡ್ಲಿ. ಅವ್ಳೇನು ದೋಣೀಲಿ ಓಗಲ್ಲ, ಓಗೋಳು ನನ್ ಮಗ್ಳು! ಓದ್ಸಲ ಬಲಗಡೆ ಬೀಳ್ಸಿದ್ದೂ ಅವ್ಳಲ್ಲ. ಎಡಗಡೇದ ನಾನೇ ಒತ್ತಿ ಮಡಗಿದ್ದೆ, ಈ ಎಬ್ಬೆಟ್ಟಲ್ಲಿ! ಫ್ಯಾನು ಕೊಟ್ಟೋನು ನಾನು, ಕೈ ಮುರ್ದೋನು ನಾನು. ನಾನೇ ಯೋಳ್ತಿವ್ನಿ, ಆ ಕಡಗೋಲು ತನ್ನಿ!"

ಹೊರೆ ಇಳಿಯಿತು ಎನ್ನಿಸಿತು ಅವನಿಗೆ. ಇನ್ನು ಇವರು ಕಲ್ಲು ಹೊಡೆಯಲಿ, ಪೂಜೆ ಬಿಡಿಸಲಿ, ತಾನು ತಯಾರು. ಜನ ಬಾಯಿ ತೆರೆದುಕೊಂಡು ನಿಂತರು. ಲಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಚ್ಚಿದ ಕೂದಲು ನೋಡಿದಳು, ನಡುಗುವ ಮೈ ನೋಡಿದಳು. ಮೆಲ್ಲಗೆ ಎರಡೂ ಕೈ ಎತ್ತಿ ಮುಗಿದಳು.

"ಪೂಜಾರಿ ಆದೋನು ಅಮ್ಮನ್ನ ಇಂಗೆಲ್ಲ ಬಯ್ತಾನೇನ್ರವ್ವ? ಅವ್ಳೇ ಬಂದವ್ಳೆ! ಕರ್ಪೂರ ತನ್ನಿ!"

ಜಾಗಟೆ ಹೊಡೆಯಿತು. ಯಾರೋ ಅವನ ಕಾಲಿಗೆ ನೀರು ಹೊಯ್ದರು, ಯಾರೋ ಕೈಗೆ ಬೇವಿನ ಸೊಪ್ಪು ತುರುಕಿದರು. "ನಾನು ಗುಂಡಯ್ಯ ಕಣ್ರಲಾ!" ಎಂದು ಅವನು ಕೂಗಿದಷ್ಟೂ ಜಾಗಟೆ ಜೋರಾಯಿತು. ಸುನೀಲ್‌ಕುಮಾರ್ ಒಂದು ಕೈಯಲ್ಲಿ ವಿಡಿಯೊ ಹಿಡಿದುಕೊಂಡೇ ಮಂಡಿಯೂರಿದ. "ತಾಯೀ, ಊವಲ್ಲಿ ಎಡ ಕೊಟ್ಟೆ, ಬಾಯಲ್ಲಿ ಬ್ಯಾರೆ ನುಡೀತಿದ್ದೀಯ. ನುಡಿದೋಳು ನೀನೇ ಆದ್ರೆ ಅದೇ ತರ್ಸ್ತೀವಿ. ಗುಂಡಣ್ಣನ ಮಾತಾದ್ರೆ ಮಾತ್ರ ಕೇಳಲ್ಲ. ಯಾರು ನೀನು, ಯೋಳ್ಬುಡವ್ವ."

ಗುಂಡಯ್ಯ ಸುತ್ತ ನೋಡಿದ. ತಾನು ಗುಂಡಯ್ಯ ಎಂಬ ಸತ್ಯ ಹೇಳಿದರೆ ನಾಳೆ ಹಾಸನದಿಂದ ಮತ್ತೊಂದು ಫ್ಯಾನು. ಕಂಬದ ಪಕ್ಕ ಭಾಗ್ಯ ನಿಂತಿದ್ದಳು, ಬಿಳಿಯ ಪಟ್ಟಿಯ ಕೈ ಎದೆಗೆ ಒತ್ತಿಕೊಂಡು. ರುದ್ರಯ್ಯನ ಕುಣಿತ, ಅದನ್ನು ತಾನು ಅಣಕಿಸಿ ನಕ್ಕ ಒಂದೊಂದು ಮಾತು ನೆನಪಾಯಿತು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು.

ಕಣ್ಣು ಮುಚ್ಚಿದ. ಬೇವಿನ ಸೊಪ್ಪು ಎತ್ತಿದ. ನಿಧಾನವಾಗಿ ಮಂಡಿ ಬಗ್ಗಿಸಿ, ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಹಾಕಿ ಕುಣಿದ. ಬಹಳ ಕೆಟ್ಟದಾಗಿ ಕುಣಿದ. "ನಾನೇ ಕಣ್ರೋ ಮಡುವಿನಮ್ಮ... ಕಡಗೋಲು ತನ್ರೋ ಮಕ್ಳಾ" ಎಂದ. ಊರು ಅಡ್ಡಬಿತ್ತು.

ಕಡಗೋಲು ಬಂತು. ಹಳೇ ಸೀಮೆಎಣ್ಣೆ ಪಂಪಿನ ಹಾಗೆ ಪಟಪಟ ಬಡಿದುಕೊಳ್ಳುತ್ತದೆ. ಆ ಸದ್ದಿಗೆ ಕಪ್ಪು ಕನ್ನಡಕದ ಗತ್ತೆಲ್ಲ ಇಳಿದುಹೋಯಿತು ಎಂದು ದೇವರಾಜುವಿಗೆ ಸಿಟ್ಟು. ಆದರೆ ಬೊಡ್ಡೆ ಬಂದರೆ ಹಿಡಿ ಅಮುಕುತ್ತಾನೆ, ದೋಣಿ ದಾಟುತ್ತದೆ. ಅಮ್ಮ ಮೊದಲು ಫ್ಯಾನು ಕೊಟ್ಟು ನಮ್ಮ ಭಕ್ತಿ ಪರೀಕ್ಷೆ ಮಾಡಿದಳು ಎಂದು ಊರು ಮಾತಾಡಿಕೊಂಡಿತು. ಈಗ ಮಂಗಳವಾರ ಯಾರಿಗೂ ಹೂವು ಬೇಡ. ಗುಂಡಯ್ಯನ ಮೈಮೇಲೆ ಬರಬೇಕು, ಬಾಯಲ್ಲೇ ಹೇಳಬೇಕು. ಫೋನಿನವನು ಮತ್ತೆ ಬಂದಿದ್ದ. ವಿಡಿಯೊ ನೋಡಿ ಹೊಳೆನರಸೀಪುರದಿಂದ ರುದ್ರಯ್ಯನೂ ಬಸ್ಸು ಹತ್ತಿಕೊಂಡು ಬಂದ. ಭಾವನನ್ನು ತಬ್ಬಿಕೊಂಡು, "ಚೆನ್ನಾಗೈತೆ ಬಾವ. ಆದ್ರೆ ಮೊದ್ಲು ಮಂಡಿ ನಡುಗುಸ್ಬೇಕು, ತಲೆ ಆಮ್ಯಾಕೆ" ಎಂದು ತಿದ್ದಿದ. ಗುಂಡಯ್ಯ ತನ್ನ ಮಂಡಿ ನೋಡಿಕೊಂಡ.

ಪಟ್ಟಿ ಬಿಚ್ಚಿದ ಮಾರನೆಯ ಬೆಳಗ್ಗೆ ಅವನು ಮೊಟ್ಟೆಯ ಟ್ರೇ ಹೊತ್ತುಕೊಂಡು ಮಗಳ ಜೊತೆ ದಂಡೆಗೆ ಬಂದ. ಭಾಗ್ಯ ದೋಣಿ ಹತ್ತಿ ಕೂತಳು. ಕಡಗೋಲಿನ ಕಡೆ ಒಮ್ಮೆ ನೋಡಿದಳು, ಅಪ್ಪನ ಕಡೆ ಒಮ್ಮೆ ನೋಡಿದಳು.

"ನಾನು ಯೋಳ್ದಾಗ್ಲೇ ಕೇಳಿದ್ರೆ ಕುಣಿಯೋದು ತಪ್ತಿತ್ತು ಕಣಪ್ಪ" ಎಂದಳು.

ಗುಂಡಯ್ಯ ಟ್ರೇಯನ್ನು ಅವಳ ತೊಡೆಯ ಮೇಲೆ ಮೆತ್ತಗೆ ಇಟ್ಟು, ದೋಣಿಯನ್ನು ನೀರಿಗೆ ನೂಕಿದ.